ಕೌದಿಯ ಹೊಲಿಗೆ

ಹಳೆಯ ಬಟ್ಟೆಯನ್ನು ಎಸೆಯುವುದಕ್ಕೆ ಒಂದು ನಿಮಿಷ ಸಾಕು. ಕೌದಿಯೊಳಗೆ ಕೂಡಿಸುವುದಕ್ಕೆ ವಾರಗಳು ಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಕೆಲಸವು ಸೂಜಿಗೆ ದಾರ ಪೋಣಿಸಿದ ದಿನ ಮೊದಲಾಗುವುದಲ್ಲ. ಸವೆದ ಇಳಕಲ್ಲ ಸೀರೆ, ಹಿರಿಯರ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವೆಲ್ಲ ಗಂಟಿನಲ್ಲಿ ಸೇರುತ್ತ ಸೇರುತ್ತ ಕಾಲ ಸವೆಯಬೇಕು. ಹೊಸ ಬಟ್ಟೆ ಇದಕ್ಕೆ ಒಗ್ಗದು. ಅನೇಕ ಸಲ ನೀರು ಕಂಡು, ಗಂಜಿ ಬಿಟ್ಟು, ಮೆತ್ತಗಾದ ಹತ್ತಿಯ ಅರಿವೆಯೇ ಆಗಬೇಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾದೀತು. ಆಫ್ರಿಕದಿಂದ ಬಂದ ಪೂರ್ವಿಕರ ಸಂತತಿಯವರು ಇವರು. ಗೋವೆಯ ಪೋರ್ಚುಗೀಸರ ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. ತಳಕ್ಕೆ ಒಂದು ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಹೊಲಿಗೆಯನ್ನು ಹಿಡಿಯುತ್ತಾರೆ. ತುಂಡಿನ ಅಂಚನ್ನು ಒಳಕ್ಕೆ ಮಡಿಚಿ, ಪದರಗಳೆಲ್ಲವನ್ನೂ ಹಾಯುವಂತೆ ಸೂಜಿಯನ್ನು ಇಳಿಸಿ ಎತ್ತುತ್ತ ಅಂಚಿನುದ್ದಕ್ಕೂ ಸಾಗಿ, ನಾಲ್ಕು ಮಗ್ಗುಲನ್ನೂ ಸುತ್ತಿ, ಸುತ್ತಿ, ಕಟ್ಟಕಡೆಗೆ ನಡುವಿಗೆ ಬರುತ್ತಾರೆ. ಬರೆದಿಟ್ಟ ನಕ್ಷೆಯಿಲ್ಲ. ಕೆಂಪಿನ ಪಕ್ಕಕ್ಕೆ ಯಾವುದು ಎಂಬುದನ್ನು ಗಂಟನ್ನು ಕೆದಕಿ ಕಣ್ಣೇ ತೀರ್ಮಾನಿಸಬೇಕು. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆಯೂ, ಮುಸಲ್ಮಾನರದರಲ್ಲಿ ಅರ್ಧಚಂದ್ರವೂ ಮೂಡುವುದುಂಟು.

ಇಲ್ಲಿ ಅವಸರ ಮಾಡಿದವರಿಗೆ ಬಟ್ಟೆಯೇ ಉತ್ತರ ಕೊಡುತ್ತದೆ. ಅಂಚಿನಲ್ಲಿ ದಾರವನ್ನು ತುಸು ಬಿಗಿಯಾಗಿ ಎಳೆದರೆ ಆ ಸುಕ್ಕು ಅಲ್ಲಿಯೇ ನಿಲ್ಲುವುದಿಲ್ಲ. ಸುತ್ತು ಸುತ್ತಿಗೆ ಬೆಳೆದು ನಡುವಿನಲ್ಲಿ ಉಬ್ಬಿ ನಿಲ್ಲುತ್ತದೆ. ಬಿಚ್ಚದೆ ಗತಿಯಿಲ್ಲ. ಹೊಲಿಯುವ ತಾಳ್ಮೆಗಿಂತ ಬಿಚ್ಚುವ ತಾಳ್ಮೆ ಹಿರಿದೆಂದು ನನ್ನ ಎಣಿಕೆ.

ಆದರೆ ಈ ತಾಳ್ಮೆಯನ್ನು ಹೆಂಗಸರ ಹುಟ್ಟುಗುಣವೆಂದು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಕಂಬಳಿ ಕೊಳ್ಳಲು ಹಣವಿಲ್ಲದ ಮನೆಯಲ್ಲಿ ಮಳೆಗಾಲದ ಚಳಿ ಕಲಿಸಿದ ತಾಳ್ಮೆಯದು. ಗದ್ದೆಯ ಕೂಲಿಯೂ ಒಲೆಯೂ ಮುಗಿದ ಮೇಲೆ ಉಳಿದ ಹೊತ್ತಿನದು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೊಂದು ಏರ್ಪಟ್ಟಿತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅದಕ್ಕೆ ನೆರವಾದರು. ಅಂದಿನಿಂದ ಇವರ ಕೌದಿಗಳು ಸಾಗರದಾಚೆಯ ಪ್ರದರ್ಶನಶಾಲೆಗಳ ಗೋಡೆಗಳನ್ನೂ ಏರಿವೆ. ಅಷ್ಟಾದರೂ ಪೇಟೆಯ ಗಿರಾಕಿ ಹೊಲಿಗೆಯನ್ನು ಬೆರಳಿಂದ ಸವರಿ, “ಎಷ್ಟು ತಾಳ್ಮೆ!” ಎಂದು ಬೆರಗಾಗಿ, ಮರುಮಾತಿಗೇ ಬೆಲೆಯನ್ನು ಜಗ್ಗುತ್ತಾನೆ. ಆ ತಾಳ್ಮೆಗೆ ದಿನಗೂಲಿಯ ಲೆಕ್ಕ ಹಾಕಿದರೆ ಅವನು ಮಾತೇ ಆಡಲಾರ.

ಇನ್ನೊಂದು ಆತಂಕವೂ ಇದೆ. ಈಗಿನ ಹಳೆಯ ಸೀರೆ ಹೆಚ್ಚಾಗಿ ಪಾಲಿಯೆಸ್ಟರಿನದು. ಅದು ಹರಿಯುವುದಿಲ್ಲ ನಿಜ, ಬೆವರನ್ನೂ ಹೀರುವುದಿಲ್ಲ. ಮಡಿಚಿದ ಅಂಚು ಜಾರುತ್ತದೆ. ಕೂಸಿನ ತೊಟ್ಟಿಲಿಗಾದರೂ ಹತ್ತಿಯದೇ ಬೇಕೆಂದು ಅಜ್ಜಿಯರು ಗಂಟಿನ ತಳವನ್ನು ತಡಕುತ್ತಾರೆ.

ನಡುವಿನ ಕೊನೆಯ ತುಂಡು ಕೂತ ಮೇಲೂ ಸಿದ್ದಿಯರ ಕೌದಿ ಮುಗಿಯುವುದಿಲ್ಲ. ನಾಲ್ಕು ಮೂಲೆಗೂ ಪದರುಪದರಾಗಿ ಮಡಿಚಿದ ಮುಕ್ಕೋನದ ತುಂಡುಗಳು ಬೀಳಬೇಕು. ಅವಕ್ಕೆ ‘ಫೂಲ’ ಎನ್ನುತ್ತಾರೆ, ಎಂದರೆ ಹೂವು. ಬೆಚ್ಚಗಿರುವುದಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಅದಿಲ್ಲದ ಕೌದಿಯನ್ನು ಮಾತ್ರ ಅವರು ಬತ್ತಲೆಯೆಂದೇ ಎಣಿಸುತ್ತಾರೆ.