ಇಟ್ಯಾಲಿಕ್ ಅಚ್ಚಕ್ಷರ: ವಿನ್ಯಾಸ ಮತ್ತು ಬಳಕೆ

ಇಂಗ್ಲಿಷ್ ಗ್ರಂಥಗಳಲ್ಲಿ ಕೃತಿಯ ಹೆಸರು, ಅನ್ಯಭಾಷೆಯ ಪದ ಅಥವಾ ಒತ್ತಿ ಹೇಳಬೇಕಾದ ಮಾತು ಬಂದೆಡೆ ಅಕ್ಷರಗಳು ಬಲಕ್ಕೆ ವಾಲಿ ನಿಲ್ಲುವುದನ್ನು ಸಂಶೋಧಕರೆಲ್ಲರೂ ಬಲ್ಲರು. ನೆಟ್ಟಗಿರುವ ರೋಮನ್ ಅಕ್ಷರವನ್ನೇ ಓರೆ ಮಾಡಿದರೆ ಇಟ್ಯಾಲಿಕ್ ಆಗುತ್ತದೆಂದು ಭಾವಿಸುವುದು ವಾಡಿಕೆ. ಚರಿತ್ರೆಯ ದೃಷ್ಟಿಯಿಂದಾಗಲಿ ವಿನ್ಯಾಸದ ದೃಷ್ಟಿಯಿಂದಾಗಲಿ ಇದು ಸರಿಯಲ್ಲ. ಇಟ್ಯಾಲಿಕ್ ಹುಟ್ಟಿದ್ದು ಸ್ವತಂತ್ರ ಅಚ್ಚುಮೊಳೆಯಾಗಿ. ರೋಮನ್ನಿನ ಆಶ್ರಯಕ್ಕೆ ಬಂದದ್ದು ಅನಂತರ. ಇಂದಿನ ಕನ್ನಡ ಗ್ರಂಥಮುದ್ರಣದ ಒಂದು ತೊಡಕಿಗೂ ಈ ತಪ್ಪು ಗ್ರಹಿಕೆಯೇ ಮೂಲವಾದ್ದರಿಂದ ವಿಷಯವನ್ನು ತುಸು ವಿವರವಾಗಿ ನೋಡುವುದು ಉಚಿತ.

ಹದಿನೈದನೆಯ ಶತಮಾನದ ಇಟಲಿಯ ವಿದ್ವಾಂಸರು ವೇಗವಾಗಿ ಪ್ರತಿ ಮಾಡಿಕೊಳ್ಳಲು ಒಂದು ಕೂಡುಬರಹವನ್ನು ರೂಢಿಸಿಕೊಂಡಿದ್ದರು. ಫ್ಲಾರೆನ್ಸಿನ ನಿಕೊಲೊ ನಿಕೊಲಿಯ ಕೈಬರಹ ಇದರ ಆರಂಭದ ಮಾದರಿಗಳಲ್ಲಿ ಒಂದು. ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್‌ಗಾಗಿ ಬೊಲೋನ್ಯದ ಫ್ರಾನ್ಸೆಸ್ಕೊ ಗ್ರಿಫೊ ಈ ಬರಹವನ್ನು ಉಕ್ಕಿನಲ್ಲಿ ಕೆತ್ತಿದನು. 1500ರಲ್ಲಿ ಪ್ರಕಟವಾದ ಸಂತ ಕ್ಯಾಥರೀನಳ ಪತ್ರಗಳ ಸಂಪುಟದ ಒಂದು ಚಿತ್ರದಲ್ಲಿ ಕೆಲವೇ ಪದಗಳು ಈ ಅಕ್ಷರದಲ್ಲಿ ಕಾಣಿಸಿಕೊಂಡವು. 1501ರ ಏಪ್ರಿಲಿನಲ್ಲಿ ವರ್ಜಿಲನ ಕಾವ್ಯಸಂಪುಟವು ಇಡಿಯಾಗಿ ಇದರಲ್ಲೇ ಅಚ್ಚಾಯಿತು. ದೊಡ್ಡಕ್ಷರಗಳು ಮಾತ್ರ ನೆಟ್ಟಗೆ, ತುಸು ಕಿರಿದಾಗಿ ಉಳಿದವು. ಕಾಗದ ಉಳಿಸುವುದಕ್ಕಾಗಿಯೇ ಇಟ್ಯಾಲಿಕ್ ಹುಟ್ಟಿತೆಂಬ ಮಾತು ಅನೇಕ ಪುಸ್ತಕಗಳಲ್ಲಿ ಪುನರುಕ್ತವಾಗಿದೆ. ಕಾವ್ಯದಲ್ಲಿ ಪಾದಕ್ಕೊಂದು ಸಾಲು. ಅಕ್ಷರ ಎಷ್ಟೇ ಇಕ್ಕಟ್ಟಾದರೂ ಸಾಲುಗಳ ಸಂಖ್ಯೆ ಕಡಿಮೆಯಾಗದು. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಪುಟದಲ್ಲಿ ಉದ್ದನೆಯ ಪಾದ ಮುರಿಯದೆ ನಿಲ್ಲಲು ಆ ಇಕ್ಕಟ್ಟು ನೆರವಾಯಿತೆನ್ನುವುದು ಹೆಚ್ಚು ಸಮಂಜಸ. ಓದುಗರು ತಾವೇ ಬರೆಯುತ್ತಿದ್ದ ಕೈಬರಹವನ್ನು ಅಚ್ಚಿನಲ್ಲಿ ಕಂಡರೆಂಬುದನ್ನೂ ಮರೆಯುವಂತಿಲ್ಲ.

ಈ ಅಕ್ಷರದ ಕರ್ತೃತ್ವ ಬೇಗನೆ ವಿವಾದಕ್ಕೊಳಗಾಯಿತು. ವರ್ಜಿಲ್ ಸಂಪುಟದಲ್ಲಿ ಗ್ರಿಫೊನ ಕೈಚಳಕವನ್ನು ಹೊಗಳಿದ್ದ ಆಲ್ಡಸ್, 1502ರಲ್ಲಿ ವೆನಿಸ್ ಆಡಳಿತದಿಂದ ಅದರ ಹಕ್ಕನ್ನು ತನ್ನ ಹೆಸರಿಗೆ ಪಡೆದನು. ಗ್ರಿಫೊ ವೆನಿಸ್ ಬಿಟ್ಟು ಫಾನೊದ ಮುದ್ರಕ ಗೆರ್ಶೋಮ್ ಸೊನ್ಚಿನೊನ ಬಳಿಗೆ ಹೋದನು. 1503ರಲ್ಲಿ ಸೊನ್ಚಿನೊ ಪ್ರಕಟಿಸಿದ ಪೆಟ್ರಾರ್ಕನ ಸಂಪುಟದ ಅರ್ಪಣೆಯು ಈ ಅಕ್ಷರದ ನಿರ್ಮಾತೃ ಗ್ರಿಫೊನೇ ಎಂದು ಸ್ಪಷ್ಟವಾಗಿ ಸಾರುತ್ತದೆ. ಆದರೂ ಶತಮಾನಗಳವರೆಗೆ ಇದು ‘ಆಲ್ಡೈನ್’ ಎಂದೇ ಪ್ರಸಿದ್ಧವಾಯಿತು. ಮೊಳೆ ಕೆತ್ತಿದವನ ಹೆಸರು ಅಳಿದು ಮುದ್ರಣಾಲಯದ ಹೆಸರು ಉಳಿಯುವುದು ನಮ್ಮಲ್ಲಿಯೂ ಅಪರಿಚಿತವಲ್ಲ.

ಇನ್ನು ವಿನ್ಯಾಸ. ಇಟ್ಯಾಲಿಕ್‌ನ ಜೀವಾಳ ಓರೆಯಲ್ಲ, ಲೇಖನಿಯ ಚಲನೆ. ರೋಮನ್ನಿನ ಕಂಬದ ಬುಡದಲ್ಲಿ ಅಡ್ಡಲಾಗಿ ಚಾಚಿದ ಸೆರಿಫ್ ಇರುತ್ತದೆ. ಇಟ್ಯಾಲಿಕ್‌ನಲ್ಲಿ ಅದರ ಬದಲು ಗೆರೆ ಒಳಬರುವ, ಹೊರಹೋಗುವ ಸಣ್ಣ ಕೊಕ್ಕೆಗಳಿರುತ್ತವೆ. ‘ಎ’ ಅಕ್ಷರದ ಮೇಲಿನ ಬಾಗು ಇಲ್ಲವಾಗಿ ಒಂದೇ ಹೊಟ್ಟೆ ಉಳಿಯುತ್ತದೆ. ‘ಎಫ್’ ಅಕ್ಷರದ ಕಾಲು ಸಾಲಿನ ಕೆಳಗಿಳಿಯುತ್ತದೆ. ಒಟ್ಟು ಅಗಲವೂ ತಗ್ಗುತ್ತದೆ. ರೋಮಿನಲ್ಲಿ ಪೋಪರ ಕಚೇರಿಯ ಲಿಪಿಕಾರನಾಗಿದ್ದ ಲುಡೊವಿಕೊ ಅರ‍್ರಿಘಿ 1524ರ ಸುಮಾರಿಗೆ ಬಳಕೆಗೆ ತಂದ ಮೊಳೆಗಳಲ್ಲಿ ಓರೆ ಅತ್ಯಲ್ಪ; ಆದರೂ ಅವು ಇಟ್ಯಾಲಿಕ್ ಎಂಬುದರಲ್ಲಿ ಸಂದೇಹವಿಲ್ಲ. ಫ್ರಾನ್ಸಿನ ರಾಬರ್ಟ್ ಗ್ರಾಂಜೋನನ ಕೈಯಲ್ಲಿ ದೊಡ್ಡಕ್ಷರಗಳೂ ಓರೆಯಾಗಿ ಅಕ್ಷರಮಾಲೆಗೆ ಒಂದು ಓಟ ಬಂದಿತು. ರಾಬರ್ಟ್ ಸ್ಲಿಂಬಾಕ್ ವಿನ್ಯಾಸಗೊಳಿಸಿದ, 1989ರಲ್ಲಿ ಬಂದ ಅಡೋಬಿ ಗ್ಯಾರಮಾಂಡ್‌ನಲ್ಲಿ ರೋಮನ್ನಿಗೆ ಕ್ಲೋಡ್ ಗ್ಯಾರಮಾಂಡ್ ಆಧಾರವಾದರೆ ಇಟ್ಯಾಲಿಕ್‌ಗೆ ಗ್ರಾಂಜೋನ್ ಆಧಾರ. ಇಬ್ಬರು ಕುಶಲಿಗಳ ಕೆಲಸ ಒಂದೇ ಹೆಸರಿನಡಿ ಕೂಡಿದೆ.

ಯಂತ್ರಗಳು ಈ ಸ್ವಾತಂತ್ರ್ಯಕ್ಕೆ ಮಿತಿ ಹಾಕಿದವು. ಲೈನೋಟೈಪಿನ ಒಂದೇ ಹಿತ್ತಾಳೆ ಪಡಿಯಲ್ಲಿ ರೋಮನ್ನೂ ಇಟ್ಯಾಲಿಕ್ಕೂ ಇರುತ್ತಿದ್ದುದರಿಂದ ಎರಡಕ್ಕೂ ಸಮ ಅಗಲ ಅನಿವಾರ್ಯವಾಯಿತು. ಯಾನ್ ಚಿಕೋಲ್ಡನ ಸಾಬೊನ್ ಇಟ್ಯಾಲಿಕ್ (1967) ಅಷ್ಟು ಅಗಲವಾಗಿರುವುದಕ್ಕೆ ಇದೇ ಕಾರಣ. ಅದಕ್ಕೂ ಮೊದಲು, 1926ರಲ್ಲಿ, ಸ್ಟ್ಯಾನ್ಲಿ ಮಾರಿಸನ್ ಆದರ್ಶ ಇಟ್ಯಾಲಿಕ್ ಎಂದರೆ ಓರೆಗೊಳಿಸಿದ ರೋಮನ್ನೇ ಎಂದು ವಾದಿಸಿದ್ದನು. ಆ ವಾದ ವಿನ್ಯಾಸಕಾರರಲ್ಲಿ ನೆಲೆಗೊಳ್ಳಲಿಲ್ಲ.

ನೆಲೆಗೊಳ್ಳದ ಆ ವಾದವೇ ಗಣಕದ ಗುಂಡಿಯ ಮೂಲಕ ಕನ್ನಡಕ್ಕೆ ಬಂದಿರುವುದು ವಿಪರ್ಯಾಸ. ಕನ್ನಡ ಅಚ್ಚುಮೊಳೆಗೆ ಇಟ್ಯಾಲಿಕ್‌ನ ಪರಂಪರೆಯಿಲ್ಲ. ಕಡತಗಳಲ್ಲಿ ಬಳಕೆಯಾದ ಮೋಡಿ ಬರಹವು ನಮ್ಮ ವೇಗದ ಕೈಬರಹವಾಗಿತ್ತಾದರೂ ಅದು ಮುದ್ರಣದ ವಾಡಿಕೆಗೆ ಬರಲಿಲ್ಲ. ಪ್ರತ್ಯೇಕ ಓರೆ ರೂಪವಿಲ್ಲದ ಕನ್ನಡ ಅಕ್ಷರವನ್ನು ಗಣಕವು ಯಾಂತ್ರಿಕವಾಗಿ ವಾಲಿಸುವಾಗ ಸಾಲಿನ ಮೇಲಿರುವ ಭಾಗ ಬಲಕ್ಕೂ ಕೆಳಗಿರುವ ಭಾಗ ಎಡಕ್ಕೂ ಸರಿಯುತ್ತದೆ. ತಲೆಕಟ್ಟು, ಗುಡಿಸುಗಳು ಒಂದು ಕಡೆ ಹೋದರೆ ಒತ್ತಕ್ಷರ ಇನ್ನೊಂದು ಕಡೆ. ‘ಸ್ತ್ರೀ’, ‘ಲಕ್ಷ್ಮಿ’ಗಳಂತಹ ಪದಗಳಲ್ಲಿ ಈ ಸೀಳು ಎದ್ದು ಕಾಣುತ್ತದೆ; ದುಂಡಗಿನ ಸೊನ್ನೆ ಅಂಡಾಕಾರವಾಗುತ್ತದೆ. ಸಂಶೋಧನ ಪ್ರಬಂಧಗಳಲ್ಲಿ ಉದ್ಧೃತ ಭಾಗಗಳನ್ನು ಪುಟಗಟ್ಟಲೆ ಹೀಗೆ ಮುದ್ರಿಸುವುದರಿಂದ ಪಾಠವೇ ಮಸುಕಾಗುತ್ತದೆ; ಕರಡು ತಿದ್ದುವವರ ಕಣ್ಣಿಗೆ ಒತ್ತಕ್ಷರದ ತಪ್ಪುಗಳು ಜಾರಿಹೋಗುತ್ತವೆ. ಗ್ರಂಥಸಂಪಾದನೆಯಲ್ಲಿ ಇದು ಸಣ್ಣ ದೋಷವಲ್ಲ. ಕೃತಿನಾಮಕ್ಕೆ ಒಂಟಿ ಉದ್ಧರಣ ಚಿಹ್ನೆ, ಒತ್ತಿ ಹೇಳಲು ದಪ್ಪಕ್ಷರ, ಉದ್ಧೃತ ಭಾಗಕ್ಕೆ ಅಂಚು ಬಿಟ್ಟ ಜೋಡಣೆ ಇವು ನಮ್ಮ ಅಚ್ಚುಕೂಟಗಳಲ್ಲಿ ಮೊದಲಿನಿಂದಲೂ ರೂಢಿಯಲ್ಲಿವೆ. ಇಂಗ್ಲಿಷ್ ಲೇಖನದಲ್ಲಿ ರೋಮನ್ ಲಿಪಿಗೆ ತಂದ ಕನ್ನಡ ಪದಗಳಿಗೆ ಮಾತ್ರ ಇಟ್ಯಾಲಿಕ್ ನ್ಯಾಯವಾಗಿ ಸಲ್ಲುತ್ತದೆ.