ಸೌಂಡ್‌ಬಾರ್ ಮತ್ತು ಎವಿ ರಿಸೀವರ್‌ಗಳ ಆಯ್ಕೆ

ಸೌಂಡ್‌ಬಾರ್ ಮತ್ತು ಎವಿ ರಿಸೀವರ್ ಇವು ಮನೆಯಲ್ಲಿ ಟಿವಿಯ ಧ್ವನಿಯನ್ನು ಉತ್ತಮಪಡಿಸಲು ಬಳಸುವ ಎರಡು ಬಗೆಯ ಸಾಧನಗಳು. ಸೌಂಡ್‌ಬಾರ್ ಹಲವು ಸ್ಪೀಕರ್‌ಗಳನ್ನೂ ಅವುಗಳ ಆಂಪ್ಲಿಫೈಯರ್‌ಗಳನ್ನೂ ಒಂದೇ ಉದ್ದನೆಯ ಪೆಟ್ಟಿಗೆಯಲ್ಲಿ ಅಡಕಗೊಳಿಸಿದ ಉಪಕರಣವಾಗಿದೆ. ರಿಸೀವರ್‌ನಲ್ಲಿ ಸ್ಪೀಕರ್ ಇರುವುದಿಲ್ಲ. ಅದು ಧ್ವನಿಸಂಕೇತವನ್ನು ಬಿಡಿಸಿ, ವರ್ಧಿಸಿ, ಕೋಣೆಯ ಬೇರೆ ಬೇರೆ ಕಡೆ ಇಟ್ಟ ಸ್ಪೀಕರ್‌ಗಳಿಗೆ ತಂತಿಯ ಮೂಲಕ ಕಳುಹಿಸುತ್ತದೆ. ತೆಳುವಾದ ಟಿವಿಗಳಲ್ಲಿ ದೊಡ್ಡ ಸ್ಪೀಕರ್‌ಗೆ ಸ್ಥಳವಿಲ್ಲದಿರುವುದೇ ಇವೆರಡರ ಬೇಡಿಕೆಗೂ ಕಾರಣ.

ಕೋಣೆಯ ಪಾತ್ರ

ಆಯ್ಕೆಯನ್ನು ನಿರ್ಧರಿಸುವುದು ಬೆಲೆಗಿಂತ ಹೆಚ್ಚಾಗಿ ಕೋಣೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ ಮಹದೇವಪುರ ಇದಕ್ಕೆ ತಕ್ಕ ಉದಾಹರಣೆ. ಹೊರವರ್ತುಲ ರಸ್ತೆ ಮತ್ತು ವೈಟ್‌ಫೀಲ್ಡ್ ಕಡೆಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಉದ್ಯೋಗಿಗಳು ವಾಸಿಸುವ ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಹಜಾರ ಮತ್ತು ಊಟದ ಜಾಗ ಒಂದೇ ಆಗಿರುವುದು ಸಾಮಾನ್ಯ. ಹಲವು ಸೌಂಡ್‌ಬಾರ್‌ಗಳು ಸುತ್ತುವರಿದ ಧ್ವನಿಯ ಅನುಭವಕ್ಕಾಗಿ ಪಕ್ಕದ ಗೋಡೆಗಳಿಂದ ಹಿಂತಿರುಗುವ ಪ್ರತಿಫಲನವನ್ನು ಅವಲಂಬಿಸುತ್ತವೆ. ಒಂದು ಬದಿ ಊಟದ ಜಾಗಕ್ಕೆ ತೆರೆದು, ಇನ್ನೊಂದು ಬದಿಯಲ್ಲಿ ಬಾಲ್ಕನಿಯ ಪರದೆಯಿದ್ದರೆ ಆ ಪ್ರತಿಫಲನ ದೊರೆಯುವುದಿಲ್ಲ. ಮೇಲ್ಮುಖ ಸ್ಪೀಕರ್‌ಗಳಿಗೆ ಸಮತಟ್ಟಾದ ಕಾಂಕ್ರೀಟ್ ಛಾವಣಿ ಅನುಕೂಲಕರ; ಮೆಟ್ಟಿಲಾಕಾರದ ಫಾಲ್ಸ್ ಸೀಲಿಂಗ್ ಅಡ್ಡಿಯಾಗುತ್ತದೆ.

ಇನ್ನೊಂದು ಮಿತಿ ಅಗಲದ್ದು. ಎಡ ಮತ್ತು ಬಲ ಸ್ಪೀಕರ್‌ಗಳು ಕೇಳುಗನಿಂದ ತಲಾ 30 ಡಿಗ್ರಿ ಕೋನದಲ್ಲಿರಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. 1 ಮೀಟರ್ ಉದ್ದದ ಸೌಂಡ್‌ಬಾರ್‌ನ ತುದಿಗಳು 3 ಮೀಟರ್ ದೂರದಿಂದ ಸುಮಾರು 9.5 ಡಿಗ್ರಿಯಷ್ಟೇ ಆಗುತ್ತವೆ. ಸಂಸ್ಕಾರಕದ ಚಾತುರ್ಯ ಈ ಕೊರತೆಯನ್ನು ಮರೆಮಾಚಬಲ್ಲದೇ ಹೊರತು ಪೂರ್ತಿಯಾಗಿ ನೀಗಿಸಲಾರದು. ಹೀಗಿದ್ದರೂ ಸಂಭಾಷಣೆಯ ಸ್ಪಷ್ಟತೆಯಷ್ಟೇ ಬೇಕಾದವರಿಗೆ, ಗೋಡೆ ಕೊರೆಯಲು ಅನುಮತಿಯಿಲ್ಲದ ಬಾಡಿಗೆದಾರರಿಗೆ ಸೌಂಡ್‌ಬಾರ್ ಸಾಕು.

ವಾಟ್ ಮತ್ತು ನೆರೆಹೊರೆ

ಜಾಹೀರಾತುಗಳಲ್ಲಿ ಕಾಣುವ ನೂರಾರು ವಾಟ್‌ಗಳು ಹೆಚ್ಚಿನದೇನನ್ನೂ ಹೇಳುವುದಿಲ್ಲ. 1 ವಾಟ್‌ಗೆ 1 ಮೀಟರ್ ದೂರದಲ್ಲಿ 87 ಡೆಸಿಬಲ್ ನೀಡುವ ಸ್ಪೀಕರ್, ತೆರೆದ ಜಾಗದಲ್ಲಿ 3 ಮೀಟರ್ ದೂರಕ್ಕೆ ಅದೇ 1 ವಾಟ್‌ನಲ್ಲಿ ಸುಮಾರು 77 ಡೆಸಿಬಲ್ ತಲುಪಿಸುತ್ತದೆ. ಕೋಣೆಯೊಳಗೆ ಇನ್ನೂ ಸ್ವಲ್ಪ ಹೆಚ್ಚು. ಸಾಮಾನ್ಯ ಮಾತುಕತೆ 60 ಡೆಸಿಬಲ್ ಆಸುಪಾಸಿನದು. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಏರುವುದು ಕೇವಲ 3 ಡೆಸಿಬಲ್.

ಅಪಾರ್ಟ್‌ಮೆಂಟ್‌ಗಳಲ್ಲಿ ನಿಜವಾದ ತೊಡಕು ಸಬ್‌ವೂಫರ್. 50 ಹರ್ಟ್ಸ್ ಧ್ವನಿಯ ತರಂಗಾಂತರ ಸುಮಾರು 7 ಮೀಟರ್. ಇಂತಹ ಧ್ವನಿಯನ್ನು ಗೋಡೆಗಳು ಸಂಭಾಷಣೆಯಷ್ಟು ಸುಲಭವಾಗಿ ತಡೆಯುವುದಿಲ್ಲ; ನೆಲದ ಕಂಪನವೂ ಕೆಳಮನೆಗೆ ಇಳಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ವಿಧಿಸಿವೆ. ಖಾಸಗಿ ಧ್ವನಿವ್ಯವಸ್ಥೆಯ ಶಬ್ದ ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಸಬ್‌ವೂಫರ್‌ನ ಮಟ್ಟವನ್ನು ಪ್ರತ್ಯೇಕವಾಗಿ ತಗ್ಗಿಸುವ ಸೌಲಭ್ಯ ರಿಸೀವರ್‌ಗಳಲ್ಲೂ ಅನೇಕ ಸೌಂಡ್‌ಬಾರ್‌ಗಳಲ್ಲೂ ಇದೆ. ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಮೊದಲ ಅಂಶ ಇದು.

ಸಂಪರ್ಕ ಮತ್ತು ಬಾಳಿಕೆ

ಎರಡೂ ಸಾಧನಗಳು ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಣೆಯಾಗುತ್ತವೆ. 2009ರಲ್ಲಿ ಬಂದ ಎಆರ್‌ಸಿ ಸೌಲಭ್ಯ ಸ್ಟ್ರೀಮಿಂಗ್ ಸೇವೆಗಳ ಸಂಕುಚಿತ ಡಾಲ್ಬಿ ಅಟ್ಮಾಸ್‌ಗೆ ಸಾಕಾಗುತ್ತದೆ. ಬ್ಲೂ-ರೇ ಡಿಸ್ಕ್‌ನ ನಷ್ಟರಹಿತ ಧ್ವನಿಯನ್ನು ಟಿವಿಯ ಮೂಲಕ ಹಾಯಿಸಲು ಇಎಆರ್‌ಸಿ ಅಗತ್ಯ. ರಿಸೀವರ್‌ಗೆ ಡಿಸ್ಕ್ ಪ್ಲೇಯರನ್ನು ನೇರವಾಗಿ ಜೋಡಿಸಬಹುದಾದ್ದರಿಂದ ಈ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಸೌಂಡ್‌ಬಾರ್‌ನ ಒಳಗಿನ ಮಂಡಲವೊಂದು ಕೆಟ್ಟರೆ ಅನೇಕ ವೇಳೆ ಇಡೀ ಉಪಕರಣವೇ ಇ-ತ್ಯಾಜ್ಯವಾಗುತ್ತದೆ. ರಿಸೀವರ್ ಹಳತಾದರೆ ಅದನ್ನಷ್ಟೇ ಬದಲಿಸಬಹುದು. ಸ್ಪೀಕರ್‌ಗಳು ದಶಕಗಳ ಕಾಲ ಉಳಿಯಬಲ್ಲವು. ಸ್ವಂತ ಮನೆಯಲ್ಲಿ ಗಾರೆಕೆಲಸದ ಹಂತದಲ್ಲೇ ಸ್ಪೀಕರ್ ತಂತಿಗೆ ಕೊಳವೆ ಹಾಕಿಸುವವರು ಎರಡು ಸ್ಪೀಕರ್‌ಗಳಿಂದ ಆರಂಭಿಸಿ, ಮಧ್ಯದ, ಹಿಂಬದಿಯ ಮತ್ತು ಸಬ್‌ವೂಫರ್ ಘಟಕಗಳನ್ನು ಕ್ರಮೇಣ ಸೇರಿಸಿ 5.1 ವ್ಯವಸ್ಥೆಯನ್ನು ಪೂರ್ಣಗೊಳಿಸಬಹುದು.