ಕಾಣದ ಕಾಳಸಂತೆ

ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಪಡೆದ ವಿದ್ಯುತ್ತು 1902ರಲ್ಲಿ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ದೂರವನ್ನು ಗೆಲ್ಲುವ ವಿದ್ಯೆ ಹೀಗೆ ನಾಡಿಗೆ ಬಂದಿತು. ಅಂತಹ ವಿದ್ಯೆ ಸಜ್ಜನರಿಗಷ್ಟೇ ಮೀಸಲಲ್ಲ. ಕಳ್ಳನಿಗೂ ಅದು ಒದಗುತ್ತದೆ.

ಸಕ್ಕರೆ, ಸೀಮೆಎಣ್ಣೆಗಳನ್ನು ಬಚ್ಚಿಟ್ಟು ಮಾರುತ್ತಿದ್ದ ಕಾಳಸಂತೆಯನ್ನು ಹಿರಿಯರು ಬಲ್ಲರು. ಅಂತರಜಾಲದ ಕಾಳಸಂತೆಗೆ ಅಂಗಡಿಯಿಲ್ಲ, ಮುಖವಿಲ್ಲ. 2011ರಲ್ಲಿ ಆರಂಭವಾದ ‘ಸಿಲ್ಕ್ ರೋಡ್’ ಎಂಬ ಸಂತೆಯಲ್ಲಿ ಮಾದಕವಸ್ತುಗಳು ಬಹಿರಂಗ ಸರಕಿನಂತೆ ಮಾರಾಟವಾದವು. 2013ರಲ್ಲಿ ಅಮೆರಿಕದ ಪೊಲೀಸರು ಅದನ್ನು ಮುಚ್ಚಿಸಿದರು; ಅದರ ಜಾಗದಲ್ಲಿ ಬೇರೆ ಸಂತೆಗಳು ಹುಟ್ಟಿಕೊಂಡವು.

ಇಲ್ಲಿನ ಮರೆ ಈರುಳ್ಳಿಯ ಸಿಪ್ಪೆಯನ್ನು ಹೋಲುತ್ತದೆ. ಸಂದೇಶವನ್ನು ಹಲವು ಪದರಗಳಲ್ಲಿ ಸುತ್ತಿ, ಕೈಯಿಂದ ಕೈಗೆ ದಾಟಿಸುವಂತೆ ಹಲವು ಗಣಕಯಂತ್ರಗಳ ಮೂಲಕ ಸಾಗಿಸುತ್ತಾರೆ. ಪ್ರತಿಯೊಂದು ಯಂತ್ರವೂ ಒಂದು ಪದರವನ್ನಷ್ಟೇ ಬಿಡಿಸುತ್ತದೆ. ಅದಕ್ಕೆ ತನ್ನ ಹಿಂದಿನ ಮತ್ತು ಮುಂದಿನ ಯಂತ್ರಗಳ ಹೊರತು ಬೇರೇನೂ ತಿಳಿಯದು. ಬೆಲೆಯನ್ನು ಬಹುಮಟ್ಟಿಗೆ ಬಿಟ್‌ಕಾಯಿನ್‌ನಂತಹ ನಾಣ್ಯದಲ್ಲಿ ತೆರುತ್ತಾರೆ. ಇದು ಸುಳಿವೇ ಸಿಗದ ಹಣವೆಂದು ಹಲವರ ಎಣಿಕೆ. ಅದು ಪೂರ್ತಿ ನಿಜವಲ್ಲ: ಪ್ರತಿ ವ್ಯವಹಾರವೂ ಎಲ್ಲರೂ ನೋಡಬಹುದಾದ ಲೆಕ್ಕದಲ್ಲಿ ಉಳಿಯುತ್ತದೆ; ಹೆಸರು ಮಾತ್ರ ಮರೆಯಾಗಿರುತ್ತದೆ.

ಕರ್ನಾಟಕವೂ ಇದರ ಬಿಸಿಯನ್ನು ಅನುಭವಿಸಿದೆ. 2019ರಲ್ಲಿ ರಾಜ್ಯ ಸರ್ಕಾರದ ಟೆಂಡರು ವ್ಯವಹಾರದ ಜಾಲತಾಣಕ್ಕೆ ಕನ್ನ ಬಿದ್ದು, ಗುತ್ತಿಗೆದಾರರು ಇಟ್ಟಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಬೇರೆಯವರ ಖಾತೆಗಳಿಗೆ ಹರಿದುಹೋಯಿತು. ಬೀಗ ಒಡೆಯಲಿಲ್ಲ, ಗೋಡೆ ಕೊರೆಯಲಿಲ್ಲ. ಮರುವರ್ಷ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು, ಬಿಟ್‌ಕಾಯಿನ್ ತೆತ್ತು ಮಾದಕವಸ್ತು ತರಿಸಿದ ಆರೋಪದ ಮೇಲೆ ಕೆಲವರನ್ನು ಬಂಧಿಸಿದರು. ಅವರಲ್ಲಿ ಒಬ್ಬನ ಮೇಲೆ ಈ ಕನ್ನದ ಆರೋಪವೂ ಬಂದಿತು. 2023ರಲ್ಲಿ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು.

ಇಂತಹ ಕಳವು ಒಬ್ಬನ ಕೈಚಳಕವಾಗಿರುವುದು ಅಪರೂಪ. ಒಬ್ಬನು ಗುಪ್ತಪದಗಳನ್ನು ಕದಿಯುತ್ತಾನೆ; ಇನ್ನೊಬ್ಬನು ಅವನ್ನು ಕಾಳಸಂತೆಯಲ್ಲಿ ಕೊಂಡು ಮೋಸಕ್ಕೆ ಬಳಸುತ್ತಾನೆ; ಮತ್ತೊಬ್ಬನು ಹಣ ಇಳಿಸಲು ಬ್ಯಾಂಕಿನ ಖಾತೆಗಳನ್ನು ಹೊಂದಿಸುತ್ತಾನೆ. ಒಬ್ಬರ ಮುಖವನ್ನು ಮತ್ತೊಬ್ಬರು ಕಂಡಿರಬೇಕಾಗಿಲ್ಲ. ಖಾತೆಗಳು ಹೆಚ್ಚಾಗಿ ಬಡವರವು, ವಿದ್ಯಾರ್ಥಿಗಳವು. ಕೆಲವು ಸಾವಿರ ರೂಪಾಯಿಯ ಆಸೆಗೆ ಅವರು ತಮ್ಮ ಪಾಸ್‌ಬುಕ್ಕನ್ನೂ ಸಿಮ್ ಕಾರ್ಡನ್ನೂ ಅಪರಿಚಿತರ ಕೈಗೆ ಕೊಡುತ್ತಾರೆ. ಹಣ ಕಳೆದುಕೊಂಡವರು 1930 ಸಂಖ್ಯೆಗೆ ಬೇಗನೆ ಕರೆಮಾಡಿದರೆ, ಖಾತೆಯಿಂದ ಖಾತೆಗೆ ಓಡುತ್ತಿರುವ ಹಣವನ್ನು ನಡುದಾರಿಯಲ್ಲೇ ತಡೆಯಲು ಅವಕಾಶವಿದೆ. ಅನಂತರ ಪೊಲೀಸರು ಮೊದಲು ಬಂದು ತಟ್ಟುವುದು ಖಾತೆ ಕೊಟ್ಟವನ ಬಾಗಿಲನ್ನೇ. ಏಕೆಂದರೆ ಆ ಇಡೀ ಸರಪಳಿಯಲ್ಲಿ ನಿಜವಾದ ಹೆಸರೂ ವಿಳಾಸವೂ ಇರುವುದು ಬಹುಶಃ ಅವನೊಬ್ಬನಿಗೆ.